ವಾಕ್ಯ ಸಾರು, ಬರುವಾಗ ಆ ಮೇಲಂಗಿ ತಾ: 2 ತಿಮೊಥೆಯ 4ರ ಟಿಪ್ಪಣಿ

ಸಭಾಪಾಲಕರ ಅಭಿಷೇಕದ ಆರಾಧನೆಯಲ್ಲಿ 2 ತಿಮೊಥೆಯ 4:2 ಕಿವಿಗೆ ಬೀಳದೆ ಇರುವುದು ಅಪರೂಪ. 'ವಾಕ್ಯವನ್ನು ಸಾರು.' ಅದೇ ಅಧ್ಯಾಯದ 13ನೇ ವಚನದ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದನ್ನು ಕೇಳಿದ್ದೀರಾ? ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚರ್ಮದ ಹಾಳೆಗಳನ್ನಂತೂ ಮರೆಯಬೇಡ ಅನ್ನುತ್ತಾನೆ ಪೌಲ. ಎರಡೂ ಒಂದೇ ಕಾಗದದ ಮಾತು, ಪೌಲ ತನ್ನ ಕಿರಿಯ ಜೊತೆಸೇವಕ ತಿಮೊಥೆಯನಿಗೆ ಬರೆದದ್ದು. ನಡುವೆ ಇರುವುದು ಬರೀ ಹತ್ತು ವಚನ. ಈ ಸಲ ಎರಡನ್ನೂ ಜೊತೆಗಿಟ್ಟು ಓದೋಣ.

ಮೊದಲು ಸನ್ನಿವೇಶ. ಪೌಲ ರೋಮಿನಲ್ಲಿ ಸೆರೆಯಲ್ಲಿದ್ದಾನೆ, ಬೇಡಿ ಬಿದ್ದಿದೆ (1:16-17). ಮೊದಲ ವಿಚಾರಣೆ ಮುಗಿದಿದೆ, ಆವತ್ತು ಅವನ ಪರ ಒಬ್ಬರೂ ನಿಲ್ಲಲಿಲ್ಲ (4:16). ಜೊತೆಗಿದ್ದ ದೇಮ ಬಿಟ್ಟುಹೋದ. ಲೂಕ ಮಾತ್ರ ಜೊತೆಗಿದ್ದಾನೆ. ಕಾಗದ ಓದಬೇಕಾದ ತಿಮೊಥೆಯನಿಗೆ ಇನ್ನೂ ಚಿಕ್ಕ ವಯಸ್ಸು, ಮೇಲಾಗಿ ಹೊಟ್ಟೆಯ ತೊಂದರೆ, ಆಗಾಗ ಕಾಯಿಲೆ (1 ತಿಮೊಥೆಯ 5:23). ಅಂದರೆ ಬರೆದವನೂ ದಣಿದಿದ್ದಾನೆ, ಓದುವವನೂ ದಣಿದಿದ್ದಾನೆ.

ಈಗ 'ಸಾರು' ಅನ್ನುವ ಮಾತು. ಮೂಲ ಗ್ರೀಕಿನಲ್ಲಿ ಇದು ಡಂಗುರದವನ ಕೆಲಸದ ಮಾತು. ಕನ್ನಡದಲ್ಲೂ ಡಂಗುರ 'ಸಾರುವುದೇ' ಅಲ್ವಾ? ಡಂಗುರದವನು ಸುದ್ದಿಯನ್ನು ತಾನೇ ಹುಟ್ಟಿಸುವುದಿಲ್ಲ. ಕೊಟ್ಟದ್ದನ್ನು ಕೊನೇ ಬೀದಿಯವರೆಗೆ ಕೇಳಿಸುತ್ತಾನೆ, ಅಷ್ಟೇ. ಶನಿವಾರ ರಾತ್ರಿ ಹನ್ನೊಂದಕ್ಕೆ 'ನಾಳೆ ಹೊಸದಾಗಿ ಏನು ಹೇಳಲಿ' ಅಂತ ಫೋನಿನಲ್ಲಿ ಬೇರೆಯವರ ಪ್ರಸಂಗ ಹುಡುಕುವ ನಮಗೆ ಇದು ದೊಡ್ಡ ಬಿಡುಗಡೆ. ಹೊಸದು ಬೇಡ. ವಾಕ್ಯಭಾಗವನ್ನು ಬುಧವಾರವೇ ಆರಿಸಿ, ನಾಲ್ಕು ದಿನ ಜೋರಾಗಿ ಓದಿ. ಅದರಲ್ಲಿ ಇರುವುದನ್ನು ಹಿಂದಿನ ಸಾಲಿನ ಅಜ್ಜಿಗೂ ಅರ್ಥವಾಗುವ ಹಾಗೆ ಹೇಳಿ. ಇನ್ನೊಂದು ಮಾತು: ಖಂಡಿಸು, ಗದರಿಸು ಅಂದಮೇಲೆ ಪೌಲ ಅಲ್ಲಿಗೆ ನಿಲ್ಲಿಸುವುದಿಲ್ಲ. ಬಹಳ ತಾಳ್ಮೆಯಿಂದ, ಕಲಿಸುತ್ತಾ ಮಾಡು ಅನ್ನುತ್ತಾನೆ. ಗದರಿಸುವುದು ನಮಗೆ ಬೇಗ ಬರುತ್ತದೆ. ತಾಳ್ಮೆಯೇ ಕಷ್ಟ.

ಇನ್ನು ಮೇಲಂಗಿ. ದಪ್ಪ ಬಟ್ಟೆಯದು, ತೋಳಿಲ್ಲ, ನಡುವೆ ತಲೆ ತೂರಿಸಲು ತೂತು. ಮಲೆನಾಡಿನ ಕಂಬಳಿಕೊಪ್ಪೆ ನೆನೆಸಿಕೊಂಡರೆ ಸಾಕು, ಹೆಚ್ಚುಕಡಿಮೆ ಅದೇ ಕೆಲಸ. ಒಮ್ಮೆ ಒಂದು ಕೂಟದಲ್ಲಿ ಈ ಮೇಲಂಗಿಯನ್ನು 'ನೀತಿಯ ವಸ್ತ್ರ' ಅಂತ ವಿವರಿಸಿದ್ದು ಕೇಳಿದೆ. ಅಯ್ಯೋ, ಅವನಿಗೆ ಚಳಿ ರೀ! 'ಒಳ್ಳೆಯ ಹೋರಾಟ ಮಾಡಿದ್ದೇನೆ' (4:7) ಅಂದ ಮನುಷ್ಯನೇ ಆರು ವಚನ ದಾಟುವಷ್ಟರಲ್ಲಿ ಹೊದಿಕೆ ಕೇಳುತ್ತಾನೆ. ಕೇಳಲು ನಾಚುವುದಿಲ್ಲ. ನಮ್ಮಲ್ಲಿ ಎಷ್ಟು ಪಾಸ್ಟರ್‌ಗಳು ಮನೆಯಲ್ಲಿ ಅಕ್ಕಿ ಮುಗಿದರೂ, ಸಕ್ಕರೆ ಕಾಯಿಲೆ ಜಾಸ್ತಿಯಾದರೂ ಸಭೆಯವರಿಗೆ ಹೇಳದೆ ನುಂಗಿಕೊಳ್ಳುತ್ತಾರೆ! ಸುಮ್ನೆ ಇರುವುದೇ ವಿಶ್ವಾಸ ಅನ್ನುವ ಲೆಕ್ಕ ಪೌಲನಲ್ಲಿ ಕಾಣುವುದಿಲ್ಲ.

ಪುಸ್ತಕಗಳ ಮಾತೂ ಹಾಗೇ. ಸಾವು ಹತ್ತಿರ ಇದೆ ಅಂತ ಗೊತ್ತಿದ್ದೂ ಓದಲು ಬೇಕು ಅನ್ನುತ್ತಾನೆ. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ 1535ರಲ್ಲಿ ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡೆ ಕೋಟೆಯಲ್ಲಿ ಸೆರೆಯಲ್ಲಿದ್ದ. ಅಲ್ಲಿಂದ ಅವನು ಬರೆದ ಕಾಗದ ಉಳಿದಿದೆ. ಬೆಚ್ಚನೆಯ ಟೋಪಿ ಕೇಳಿದ, ಬೆಚ್ಚನೆಯ ಅಂಗಿ ಕೇಳಿದ, ಸಂಜೆಗೆ ಒಂದು ದೀಪ ಕೇಳಿದ. ಎಲ್ಲಕ್ಕಿಂತ ಹೆಚ್ಚಾಗಿ ಹೀಬ್ರೂ ಬೈಬಲು, ವ್ಯಾಕರಣ, ನಿಘಂಟು ಕೇಳಿದ. 1536ರಲ್ಲಿ ಅವನನ್ನು ಕೊಂದರು. ಪೌಲನ ಪಟ್ಟಿಯೇ ಮತ್ತೆ ಬರೆದ ಹಾಗಿದೆ. ಪಾಸ್ಟರ್ ಬಳಿ ಕೋಣೆ ತುಂಬ ಪುಸ್ತಕ ಇರಬೇಕೆಂದೇನಿಲ್ಲ. ಒಂದು ಒಳ್ಳೆಯ ವ್ಯಾಖ್ಯಾನ, ಕೈಬರಹದ ಒಂದು ನೋಟುಪುಸ್ತಕ, ದಿನಕ್ಕೆ ಅರ್ಧ ಗಂಟೆ ಇದ್ದರೆ ಶುರುಮಾಡಬಹುದು.

11ನೇ ವಚನದಲ್ಲಿ ನಿಧಾನಿಸಿ: 'ಮಾರ್ಕನನ್ನು ಕರೆದುಕೊಂಡು ಬಾ.' ಪೌಲನ ಜೊತೆ ಸೇವೆಗೆ ಹೊರಟು ಪಂಫುಲ್ಯದ ಪೆರ್ಗೆಯಲ್ಲಿ ಕೈಕೊಟ್ಟು ಹೋದವನು ಇವನೇ (ಅಪೊಸ್ತಲರ ಕೃತ್ಯಗಳು 13:13). ಇವನ ವಿಷಯಕ್ಕೇ ಪೌಲ ಮತ್ತು ಅವನ ಜೊತೆಸೇವಕ ಬಾರ್ನಬ ಜಗಳವಾಡಿ ಬೇರೆಯಾದರು (15:37-39). ಈಗ ಅವನೇ ಸೇವೆಗೆ ಉಪಯುಕ್ತನಂತೆ. ಯಾರು ಮೊದಲು ಮಾತಾಡಿಸಿದರೋ, ವಿವರ ಇಲ್ಲ. ನಿಮ್ಮ ಹಳೆಯ ಜೊತೆಸೇವಕರಲ್ಲಿ ಮಾತು ಬಿಟ್ಟವರು ಒಬ್ಬರಾದರೂ ಇರುತ್ತಾರೆ. ಟಿಪ್ಪಣಿಯ ಅಂಚಿನಲ್ಲಿ ಅವರ ಹೆಸರು ಬರೆದುಕೊಳ್ಳಿ.

ಕೊನೆಗೆ 21ನೇ ವಚನ: 'ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಮಾಡು.' ಆ ಕಾಲದಲ್ಲಿ ಸುಮಾರು ನವೆಂಬರಿನಿಂದ ಮಾರ್ಚಿನವರೆಗೆ ಮೆಡಿಟರೇನಿಯನ್‌ನಲ್ಲಿ ಹಡಗು ಓಡಾಟ ಹೆಚ್ಚುಕಡಿಮೆ ನಿಲ್ಲುತ್ತಿತ್ತು. ತಡಮಾಡಿದರೆ ವಸಂತದವರೆಗೆ ಕಾಯಬೇಕು. ಆದರೆ ತಿಮೊಥೆಯ ಹೊರಟರೆ ಅವನ ಕೈಲಿದ್ದ ಎಫೆಸದ ಸಭೆಯನ್ನು ಯಾರು ನೋಡಿಕೊಳ್ಳಬೇಕು? 12ನೇ ವಚನಕ್ಕೆ ಹಿಂದಿರುಗಿ: 'ತುಖಿಕನನ್ನು ಎಫೆಸಕ್ಕೆ ಕಳುಹಿಸಿದೆನು.' ತಿಮೊಥೆಯನ ಜಾಗದಲ್ಲಿ ನಿಲ್ಲಲೆಂದೇ ಅವನನ್ನು ಕಳುಹಿಸಿದ ಅಂತ ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ವರ್ಷಕ್ಕೆ ಎರಡು ಭಾನುವಾರವಾದರೂ ನಿಮ್ಮ ಪೀಠದಲ್ಲಿ ನಿಂತು ವಾಕ್ಯ ಹೇಳಬಲ್ಲ ಒಬ್ಬ ತುಖಿಕ ನಿಮ್ಮ ಸಭೆಯಲ್ಲಿ ಇದ್ದಾನಾ? ಮುಂದಿನ ವಾರ ಸೇರುವಾಗ ಈ ಪ್ರಶ್ನೆಯಿಂದಲೇ ಶುರುಮಾಡೋಣ.