ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಏಕೆ ಕೈಕೊಡುತ್ತದೆ: ಕಾಲು ಶತಮಾನದ ಹಿನ್ನೆಲೆ

ಹೊಸದಾಗಿ ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪಿನಲ್ಲಿ ಪರದೆ ಸರಿಯಾಗಿ ಮೂಡಿ, ಕೀಬೋರ್ಡ್ ಕೆಲಸ ಮಾಡಿ, ಧ್ವನಿಯೂ ಕೇಳಿಬಂದ ಮೇಲೆ, ಮೂಲೆಯಲ್ಲಿರುವ ನೆಟ್‌ವರ್ಕ್ ಮೆನು ತೆರೆದರೆ ಅಲ್ಲಿ ವೈಫೈ ಎಂಬ ಸಾಲೇ ಇಲ್ಲದಿರುವುದನ್ನು ಬಹಳ ಮಂದಿ ಕಂಡಿದ್ದಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಡ್ರೈವರ್ ಇಲ್ಲ’ ಎಂಬುದು. ಆದರೆ ಈ ಒಂದೇ ಮಾತಿನ ಅಡಿಯಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ನಿಜಕ್ಕೂ ಇಲ್ಲದಿರಬಹುದು, ಡ್ರೈವರ್ ಇದ್ದು ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ತಂತ್ರಾಂಶ) ಕಡತ ಇಲ್ಲದಿರಬಹುದು, ಎರಡೂ ಇದ್ದು ರೇಡಿಯೊ ನಿಯಮಗಳು ತಡೆದಿರಬಹುದು, ಇಲ್ಲವೇ ಒಂದೇ ಚಿಪ್ಪಿಗಾಗಿ ಎರಡು ಡ್ರೈವರ್‌ಗಳು ಕಚ್ಚಾಡುತ್ತಿರಬಹುದು. ಒಂದೊಂದು ತೊಂದರೆಯೂ ಒಂದೊಂದು ಕಾಲಘಟ್ಟದಲ್ಲಿ ಹುಟ್ಟಿದ್ದು. ಆ ಹಿನ್ನೆಲೆ ತಿಳಿದಿದ್ದರೆ ಎಲ್ಲಿ ಹುಡುಕಬೇಕೆಂಬುದು ಬೇಗ ಹೊಳೆಯುತ್ತದೆ ಎಂಬುದು ನನ್ನ ಅನುಭವ.

ವೈಫೈಗೆ ಆಧಾರವಾದ 802.11 ಮಾನಕ ಪ್ರಕಟವಾದದ್ದು 1997ರಲ್ಲಿ. ಆಗಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಒಳಗೇ ಇರುತ್ತಿರಲಿಲ್ಲ. ಪಕ್ಕದ ಪಿಸಿಎಂಸಿಐಎ ಕಿಂಡಿಗೆ ಪ್ರತ್ಯೇಕ ಕಾರ್ಡೊಂದನ್ನು ತೂರಿಸಬೇಕಿತ್ತು. ಲೂಸೆಂಟ್ ಕಂಪನಿಯ ಒರಿನೊಕೊ ಕಾರ್ಡ್‌ಗಳು, ಇಂಟರ್ಸಿಲ್‌ನ ಪ್ರಿಸಂ ಚಿಪ್ ಇದ್ದ ಕಾರ್ಡ್‌ಗಳು ಲಿನಕ್ಸಿನಲ್ಲಿ ಸಾಕಷ್ಟು ಚೆನ್ನಾಗಿಯೇ ನಡೆಯುತ್ತಿದ್ದವು. ಅದಕ್ಕೆ ಕಾರಣ ಕಾರ್ಡಿನ ರಚನೆಯಲ್ಲೇ ಇತ್ತು. ಕಾರ್ಡಿನೊಳಗೆ ಒಂದು ಚಿಕ್ಕ ಪ್ರೊಸೆಸರ್ ಇದ್ದು, ಅದನ್ನು ನಡೆಸುವ ಫರ್ಮ್‌ವೇರ್ ಬಹುಮಟ್ಟಿಗೆ ಕಾರ್ಡಿನ ಫ್ಲಾಶ್ ಸ್ಮೃತಿಯಲ್ಲೇ ಕುಳಿತಿರುತ್ತಿತ್ತು. ಲಿನಕ್ಸ್ ಡ್ರೈವರ್ ಮಾಡಬೇಕಾದ ಕೆಲಸವೆಂದರೆ ಜಾಲದ ಹೆಸರು, ಚಾನೆಲ್ ಮೊದಲಾದವನ್ನು ತಿಳಿಸಿ ದತ್ತಾಂಶದ ಪೊಟ್ಟಣಗಳನ್ನು ಅತ್ತಿತ್ತ ಸಾಗಿಸುವುದು. ಜ್ಯಾಂ ಟೂರಿಲ್ ರೂಪಿಸಿದ ವೈರ್‌ಲೆಸ್ ಎಕ್ಸ್‌ಟೆನ್ಶನ್ಸ್ ಎಂಬ ವ್ಯವಸ್ಥೆಯೂ ಅದರ ಜೊತೆಗೆ ಬಂದ ಐಡಬ್ಲ್ಯುಕಾನ್ಫಿಗ್ ಆಜ್ಞೆಯೂ ಆ ಕಾಲದ ಅಗತ್ಯಕ್ಕೆ ಸಾಕಾಗಿದ್ದವು.

ಪರಿಸ್ಥಿತಿ ಬದಲಾದದ್ದು ವೈಫೈ ಲ್ಯಾಪ್‌ಟಾಪಿನ ಒಳಗೆ ಬಂದಾಗ. 2003ರ ಮಾರ್ಚ್‌ನಲ್ಲಿ ಇಂಟೆಲ್ ತನ್ನ ಸೆಂಟ್ರಿನೊ ಲ್ಯಾಪ್‌ಟಾಪ್‌ಗಳನ್ನು ಮಾರುಕಟ್ಟೆಗೆ ತಂದ ಮೇಲೆ ಒಳಗೇ ಅಳವಡಿಸಿದ ವೈಫೈ ಚಿಪ್ ಸಾಮಾನ್ಯ ಸಂಗತಿಯಾಯಿತು. ಖರ್ಚು ತಗ್ಗಿಸಲು ತಯಾರಕರು ಫ್ಲಾಶ್ ಸ್ಮೃತಿಯನ್ನು ಕೈಬಿಟ್ಟರು. ಯಂತ್ರ ಚಾಲೂ ಆದಾಗಲೆಲ್ಲ ಡ್ರೈವರೇ ಡಿಸ್ಕಿನಿಂದ ಫರ್ಮ್‌ವೇರನ್ನು ಓದಿ ಚಿಪ್ಪಿಗೆ ತುಂಬಬೇಕಾಯಿತು. ಹಲವು ಚಿಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಲ ಹುಡುಕುವುದು, ಜೋಡಿಕೊಳ್ಳುವುದು, ವೇಗ ನಿರ್ಧರಿಸುವುದು ಮೊದಲಾದ ಕೆಲಸಗಳನ್ನೂ ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರಿನ ಹೆಗಲಿಗೆ ಹೊರಿಸಿದವು. ಹೀಗೆ ಡ್ರೈವರಿನ ಕೆಲಸ ಹಲವು ಪಟ್ಟು ಬೆಳೆಯಿತು, ಅದರ ಜೊತೆಗೆ ಪರವಾನಗಿಯ ಕಟ್ಟುಪಾಡುಳ್ಳ ಫರ್ಮ್‌ವೇರ್ ಎಂಬ ಇನ್ನೊಂದು ಕಡತವೂ ಬೇಕಾಯಿತು. ಪ್ರಸಾರದ ಶಕ್ತಿ ಮತ್ತು ಆವರ್ತನಗಳು ಸಾಫ್ಟ್‌ವೇರಿನ ಹಿಡಿತಕ್ಕೆ ಬಂದದ್ದರಿಂದ, ರೇಡಿಯೊ ನಿಯಂತ್ರಕರ ನಿಯಮಗಳನ್ನು ಮುಂದೊಡ್ಡಿ ಚಿಪ್ಪಿನ ವಿವರಗಳನ್ನು ಗುಟ್ಟಾಗಿಡುವುದಕ್ಕೂ ತಯಾರಕರಿಗೆ ಕಾರಣ ಸಿಕ್ಕಿತು. ಇಂದಿನ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಈ ಬದಲಾವಣೆಯಲ್ಲಿದೆ.

ಸೆಂಟ್ರಿನೊ ಬಂದಾಗ ಅದರ ವೈಫೈಗೆ ಲಿನಕ್ಸ್ ಡ್ರೈವರ್ ಇರಲಿಲ್ಲ. 2004ರಲ್ಲಿ ಇಂಟೆಲ್ ಐಪಿಡಬ್ಲ್ಯು2100 ಎಂಬ, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ನೋಡಬಹುದಾದ ಮುಕ್ತ ಡ್ರೈವರಿನ ಕೆಲಸ ಶುರುಮಾಡಿತು. 2006ರ ಐಪಿಡಬ್ಲ್ಯು3945 ಡ್ರೈವರಿಗೆ ಮಾತ್ರ ಮೂಲ ಸಂಕೇತವಿಲ್ಲದ ಒಂದು ಹಿನ್ನೆಲೆ ಪ್ರೋಗ್ರಾಂ ಸದಾ ಓಡುತ್ತಿರಬೇಕಿತ್ತು. ಪ್ರಸಾರದ ಮಿತಿಗಳನ್ನು ಕಾಯುವುದು ಅದರ ಕೆಲಸ. ಇದಕ್ಕೆ ವ್ಯಾಪಕ ವಿರೋಧ ಬಂತು. 2007ರಲ್ಲಿ ಇಂಟೆಲ್ ಆ ಕೆಲಸವನ್ನು ಫರ್ಮ್‌ವೇರಿನೊಳಗೇ ಸೇರಿಸಿ ಹೊಸ ಡ್ರೈವರನ್ನು ಹೊರತಂದಿತು. ಅದೇ ಮುಂದೆ ಐಡಬ್ಲ್ಯುಎಲ್‌ವೈಫೈ ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಡ್ರೈವರೇ ಇಲ್ಲದ ಉಳಿದ ಚಿಪ್‌ಗಳ ಒಡೆಯರಿಗೆ ಆ ವರ್ಷಗಳಲ್ಲಿ ದಾರಿಯಾದದ್ದು ಎನ್‌ಡಿಸ್‌ರ್ಯಾಪರ್. ವಿಂಡೋಸಿನಲ್ಲಿ ನೆಟ್‌ವರ್ಕ್ ಡ್ರೈವರ್‌ಗಳು ಎನ್‌ಡಿಐಎಸ್ ಎಂಬ ನಿಗದಿತ ಸಂಪರ್ಕಕೊಂಡಿಯ ಮೂಲಕ ಕೆಲಸ ಮಾಡುತ್ತವೆ. ಅದೇ ಕೊಂಡಿಯನ್ನು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಅನುಕರಿಸಿದರೆ ವಿಂಡೋಸ್ ಡ್ರೈವರಿಗೆ ತಾನು ಬೇರೆ ವ್ಯವಸ್ಥೆಯಲ್ಲಿದ್ದೇನೆಂಬುದು ತಿಳಿಯುವುದಿಲ್ಲ. ಲ್ಯಾಪ್‌ಟಾಪಿನ ಜೊತೆ ಬಂದ ಸಿಡಿಯಿಂದ ಡ್ರೈವರ್ ಕಡತಗಳನ್ನು ತೆಗೆದು ಎನ್‌ಡಿಸ್‌ರ್ಯಾಪರಿಗೆ ಒಪ್ಪಿಸಿದರೆ ವೈಫೈ ಎದ್ದು ನಿಲ್ಲುತ್ತಿತ್ತು. ಎಷ್ಟೋ ಮಂದಿ ಲಿನಕ್ಸಿನಲ್ಲಿ ಉಳಿದುಕೊಂಡದ್ದು ಇದರಿಂದಾಗಿಯೇ ಎಂದು ನಾನು ನಂಬುತ್ತೇನೆ. ಆದರೆ ಇದರ ಬೆಲೆ ದೊಡ್ಡದಾಗಿತ್ತು. ಒಳಗೇನಿದೆಯೆಂದು ಯಾರೂ ನೋಡಲಾಗದ ಸಂಕೇತ ಕರ್ನಲ್‌ನ ಪೂರ್ಣ ಅಧಿಕಾರದಲ್ಲಿ ಓಡುತ್ತಿದ್ದುದರಿಂದ, ಅದು ಎಡವಿದರೆ ಇಡೀ ಯಂತ್ರವೇ ನಿಂತುಬಿಡುತ್ತಿತ್ತು, ಮತ್ತು ಅದನ್ನು ತಿದ್ದುವ ಸಾಧ್ಯತೆ ಯಾರಿಗೂ ಇರಲಿಲ್ಲ. 64 ಬಿಟ್ ಲಿನಕ್ಸಿಗೆ 64 ಬಿಟ್ ವಿಂಡೋಸ್ ಡ್ರೈವರೇ ಬೇಕಿತ್ತು, ಅದು ಹಲವು ಚಿಪ್‌ಗಳಿಗೆ ಆಗ ಇರಲೇ ಇಲ್ಲ. ಇಂದು ಯಾರಾದರೂ ಹಳೆಯ ಮಾರ್ಗದರ್ಶಿಯನ್ನು ಓದಿ ಎನ್‌ಡಿಸ್‌ರ್ಯಾಪರ್ ಹಾಕಲು ಹೊರಟರೆ ನಾನು ತಡೆಯುತ್ತೇನೆ. ಅದರ ಕಾಲ ಮುಗಿದಿದೆ.

ಬ್ರಾಡ್‌ಕಾಮ್ ಚಿಪ್‌ಗಳ ಕಥೆ ಇದಕ್ಕಿಂತ ದೀರ್ಘವಾದದ್ದು. ತಯಾರಕರಿಂದ ಯಾವ ದಾಖಲೆಯೂ ದೊರೆಯದಿದ್ದಾಗ ಸ್ವಯಂಸೇವಕರು ಕೆಲಸವನ್ನು ಎರಡು ತಂಡಗಳಾಗಿ ಹಂಚಿಕೊಂಡರು. ಒಂದು ತಂಡ ತಯಾರಕರ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ ಹೇಗೆ ವರ್ತಿಸುತ್ತದೆಂಬುದನ್ನು ಬರಿಯ ವಿವರಣೆಯಾಗಿ ಬರೆದಿಟ್ಟಿತು. ಮೂಲ ಡ್ರೈವರನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. ಕೃತಿಸ್ವಾಮ್ಯದ ತಕರಾರು ಬಾರದಿರಲೆಂದು ಪಾಲಿಸಿದ ಈ ಶಿಸ್ತಿನ ಫಲವಾಗಿ 2005ರ ಕೊನೆಯಲ್ಲಿ ಬಿಸಿಎಂ43ಎಕ್ಸ್‌ಎಕ್ಸ್ ಡ್ರೈವರ್ ಹೊರಬಂದು, 2006ರಲ್ಲಿ 2.6.17ನೆಯ ಕರ್ನಲ್ ಸೇರಿತು. 2008ರ ಆರಂಭದ 2.6.24ರಲ್ಲಿ ಅದರ ಜಾಗಕ್ಕೆ ಬಿ43 ಬಂತು. ಡ್ರೈವರೇನೋ ಆಯಿತು, ಫರ್ಮ್‌ವೇರ್ ಮಾತ್ರ ಬ್ರಾಡ್‌ಕಾಮ್‌ನದೇ ಆಗಿದ್ದು ಅದನ್ನು ಹಂಚುವ ಹಕ್ಕು ಯಾರಿಗೂ ಇರಲಿಲ್ಲ. ಆದ್ದರಿಂದ ತಯಾರಕರ ಡ್ರೈವರ್ ಕಡತವನ್ನು ಬಳಕೆದಾರರೇ ಇಳಿಸಿಕೊಂಡು, ಬಿ43-ಎಫ್‌ಡಬ್ಲ್ಯುಕಟರ್ ಎಂಬ ಸಲಕರಣೆಯಿಂದ ಅದರೊಳಗಿನ ಫರ್ಮ್‌ವೇರನ್ನು ಕತ್ತರಿಸಿ ತೆಗೆಯಬೇಕಾಯಿತು. ಹಳೆಯ ಬ್ರಾಡ್‌ಕಾಮ್ ಲ್ಯಾಪ್‌ಟಾಪಿಗೆ ವೈಫೈ ಬರಬೇಕಾದರೆ ಮೊದಲು ಬೇರೆ ದಾರಿಯಿಂದ ಇಂಟರ್ನೆಟ್ ಬೇಕಾಗುವುದು ಈ ಕಾರಣಕ್ಕೇ.

ಇದರ ನಡುವೆ ಬ್ರಾಡ್‌ಕಾಮ್ ತಾನೇ ‘ಡಬ್ಲ್ಯುಎಲ್’ ಎಂಬ ಅರೆಮುಚ್ಚಿದ ಡ್ರೈವರನ್ನು ಬಿಡುಗಡೆ ಮಾಡಿತು. 2010ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಕ್ತವಾದ ಇನ್ನೊಂದು ಡ್ರೈವರನ್ನೂ ಕೊಟ್ಟಿತು, ಆದರೆ ಅದು ಆಗಿನ ಹೊಸ ಚಿಪ್‌ಗಳಿಗಷ್ಟೇ ಅನ್ವಯಿಸುತ್ತಿತ್ತು. ಹೀಗಾಗಿ ಒಂದೇ ಚಿಪ್ಪಿಗೆ ಎರಡು ಡ್ರೈವರ್‌ಗಳು ಹಕ್ಕು ಸಾಧಿಸುವ ಸ್ಥಿತಿ ಉಂಟಾಯಿತು. ಯಾವುದು ಮೊದಲು ಲೋಡ್ ಆಗುತ್ತದೆಯೋ ಅದು ಚಿಪ್ಪನ್ನು ಹಿಡಿದುಕೊಳ್ಳುತ್ತದೆ. ಅದು ತಪ್ಪು ಡ್ರೈವರಾಗಿದ್ದರೆ ಸರಿಯಾದದ್ದು ಪಕ್ಕದಲ್ಲೇ ಇದ್ದೂ ಉಪಯೋಗವಿಲ್ಲ. ಬೇಡದ ಡ್ರೈವರನ್ನು ತಡೆಪಟ್ಟಿಗೆ ಸೇರಿಸುವ ಪದ್ಧತಿ ಮನೆಮಾತಾದದ್ದು ಇಂಥ ಪರಿಸ್ಥಿತಿಗಳಿಂದ.

ಅಥೆರೋಸ್ ಚಿಪ್‌ಗಳಲ್ಲಿ ಇದೇ ಹೋರಾಟ ಹೆಚ್ಚು ನೆಮ್ಮದಿಯ ಕೊನೆ ಕಂಡಿತು. ಮ್ಯಾಡ್‌ವೈಫೈ ಎಂಬ ಹಳೆಯ ಡ್ರೈವರ್ ಮುಚ್ಚಿದ ಒಂದು ತುಣುಕನ್ನು ನೆಚ್ಚಿಕೊಂಡಿತ್ತು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ಬಳಗದವರು ಆ ತುಣುಕಿಗೆ ಬದಲಿ ಬರೆದು ದಾರಿ ತೋರಿಸಿದರು, 2008ರಲ್ಲಿ ಅಥೆರೋಸ್ ತಾನೇ ಆತ್9ಕೆ ಎಂಬ ಮುಕ್ತ ಡ್ರೈವರನ್ನು ಕೊಟ್ಟಿತು. ಅಷ್ಟರಲ್ಲಿ ಕರ್ನಲ್‌ನಲ್ಲೂ ದೊಡ್ಡದೊಂದು ಕೆಲಸ ಮುಗಿದಿತ್ತು. ಡಿವೈಸ್‌ಸ್ಕೇಪ್ ಕಂಪನಿ ಮುಕ್ತವಾಗಿ ನೀಡಿದ ಸಂಕೇತದ ಮೇಲೆ ಕಟ್ಟಿದ ಮ್ಯಾಕ್80211 ಪದರ 2007ರ ಜುಲೈನಲ್ಲಿ 2.6.22ನೆಯ ಕರ್ನಲ್ ಸೇರಿತ್ತು. ಅದುವರೆಗೆ ಪ್ರತಿ ಡ್ರೈವರೂ ತನ್ನ ಪಾಡಿಗೆ ಮಾಡಿಕೊಳ್ಳುತ್ತಿದ್ದ ಕೆಲಸ ಆಮೇಲೆ ಎಲ್ಲರಿಗೂ ಸಮಾನವಾದ ಒಂದು ಕಡೆ ನಡೆಯತೊಡಗಿತು. ಈ ಇತಿಹಾಸದಲ್ಲಿ ಬಳಕೆದಾರರ ಕಣ್ಣಿಗೆ ಬೀಳದೆಯೇ ಅತಿ ಹೆಚ್ಚು ಉಪಕಾರ ಮಾಡಿದ ಬದಲಾವಣೆ ಇದೇ ಎಂದು ನನ್ನ ಅಭಿಪ್ರಾಯ.

ಡ್ರೈವರ್‌ಗಳ ಕೊರತೆ ಕಡಿಮೆಯಾದಂತೆ ತೊಡಕು ಫರ್ಮ್‌ವೇರಿನ ಕಡೆಗೆ ಸರಿಯಿತು. ಮೂಲ ಸಂಕೇತ ಸಿಗದ ಕಡತವನ್ನು ಮುಕ್ತ ತಂತ್ರಾಂಶದ ಜೊತೆ ಹಂಚಬಹುದೇ ಎಂಬ ಪ್ರಶ್ನೆಗೆ ಡಿಸ್ಟ್ರೋಗಳು (ಬೇರೆ ಬೇರೆ ಬಳಗಗಳು ಸಿದ್ಧಪಡಿಸಿ ಹಂಚುವ ಲಿನಕ್ಸ್ ರೂಪಗಳು) ಬೇರೆ ಬೇರೆ ಉತ್ತರ ಕೊಟ್ಟವು. ಅವುಗಳಲ್ಲೊಂದಾದ ಡೆಬಿಯನ್ 2011ರ ಸ್ಕ್ವೀಜ್ ಆವೃತ್ತಿಯಲ್ಲಿ ಅಂಥ ಕಡತಗಳನ್ನೆಲ್ಲ ಕರ್ನಲ್‌ನಿಂದ ಬೇರ್ಪಡಿಸಿ ಮುಖ್ಯ ವಿಭಾಗದಿಂದ ಹೊರಗಿಟ್ಟಿತು. ತತ್ತ್ವವಾಗಿ ಅದು ನೇರವಾದ ನಿಲುವು, ಅದನ್ನು ನಾನು ಗೌರವಿಸುತ್ತೇನೆ. ಆದರೆ ತಂತಿಯ ನೆಟ್‌ವರ್ಕ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳು ಬಂದ ಮೇಲೆ, ಫರ್ಮ್‌ವೇರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಫರ್ಮ್‌ವೇರ್ ಬೇಕು ಎಂಬ ಸುಳಿಯಲ್ಲಿ ಹೊಸಬರು ಸಿಕ್ಕಿಬಿದ್ದರು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು, 2023ರ ಜೂನ್‌ನ ಬುಕ್‌ವರ್ಮ್ ಆವೃತ್ತಿಯಿಂದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರಿನಲ್ಲೇ ಬರುತ್ತಿದೆ. ಈಗಲೂ ಆ ಸುಳಿಗೆ ಸಿಕ್ಕವರಿಗೆ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡುವುದು ಸುಲಭದ ದಾರಿ, ಏಕೆಂದರೆ ಅದಕ್ಕೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ಎಲ್ಲ ಕರ್ನಲ್‌ಗಳಲ್ಲೂ ಇರುತ್ತದೆ, ಫರ್ಮ್‌ವೇರ್ ಬೇಕಾಗುವುದಿಲ್ಲ.

ಫರ್ಮ್‌ವೇರ್ ಸಿಗದಿದ್ದರೆ ಕರ್ನಲ್ ಸುಮ್ಮನಿರುವುದಿಲ್ಲ. ಇಂಟೆಲ್ ಚಿಪ್ ಇರುವ ಯಂತ್ರದ ಕರ್ನಲ್ ಲಾಗ್ (ಕರ್ನಲ್ ಬರೆದಿಡುವ ದಾಖಲೆ) ತೆರೆದರೆ ಫರ್ಮ್‌ವೇರ್ ಕಡತವೊಂದರ ಹೆಸರೂ ‘ದೋಷ -2’ ಎಂಬ ಸಂಖ್ಯೆಯೂ ಇರುವ ಸಾಲುಗಳು ಒಂದರ ಕೆಳಗೊಂದು ಕಾಣಬಹುದು. ಮೈನಸ್ ಎರಡು ಎಂದರೆ ಅಂಥ ಕಡತ ಇಲ್ಲ ಎಂದಷ್ಟೇ ಅರ್ಥ. ಕಡತಗಳ ಹೆಸರನ್ನು ಗಮನಿಸಿ ನೋಡಿದರೆ ಕೊನೆಯ ಸಂಖ್ಯೆ ಸಾಲಿನಿಂದ ಸಾಲಿಗೆ ಒಂದೊಂದೇ ಇಳಿಯುತ್ತಾ ಹೋಗುವುದು ಕಾಣುತ್ತದೆ. ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯನ್ನು ಮೊದಲು ಕೇಳಿ, ಸಿಗದಿದ್ದರೆ ಅದರ ಹಿಂದಿನದನ್ನು, ಅದೂ ಇಲ್ಲದಿದ್ದರೆ ಇನ್ನೂ ಹಿಂದಿನದನ್ನು ಕೇಳುತ್ತಾ ಬರುತ್ತದೆ. ಕೊನೆಗೆ ಒಂದು ಕಡತ ಸಿಕ್ಕಿ ಲೋಡ್ ಆಗಿದ್ದರೆ ಮೇಲಿನ ಸಾಲುಗಳಿಂದ ಯಾವ ಹಾನಿಯೂ ಇಲ್ಲ, ಅವನ್ನು ಹೋಗಲಾಡಿಸಲು ಶ್ರಮಿಸುವ ಅಗತ್ಯವೂ ಇಲ್ಲ. ತಕ್ಕ ಫರ್ಮ್‌ವೇರ್ ಯಾವುದೂ ಸಿಗಲಿಲ್ಲ ಎಂಬ ಸಾಲು ಕೊನೆಯಲ್ಲಿದ್ದರೆ ಮಾತ್ರ ಡಿಸ್ಟ್ರೋದ ಫರ್ಮ್‌ವೇರ್ ಪ್ಯಾಕೇಜನ್ನು ಹಾಕಬೇಕು, ಇಲ್ಲವೇ ಹೊಸದಾಗಿಸಬೇಕು. ಚಿಪ್ಪಿನ ಡ್ರೈವರಿನಿಂದ ಒಂದೂ ಸಾಲಿಲ್ಲದಿದ್ದರೆ, ಲ್ಯಾಪ್‌ಟಾಪ್ ಕರ್ನಲ್‌ಗಿಂತ ಹೊಸದಾಗಿರುವ ಸಾಧ್ಯತೆ ಹೆಚ್ಚು.

ಜಾಲಗಳೆಲ್ಲ ಕಾಣಿಸಿ ಮನೆಯ ಒಂದು ಜಾಲ ಮಾತ್ರ ಕಾಣಿಸದಿದ್ದರೆ ಅನುಮಾನ ರೇಡಿಯೊ ನಿಯಮದ ಮೇಲೆ ಹೋಗಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ 11 ಚಾನೆಲ್‌ಗಳು, ಯುರೋಪಿನಲ್ಲಿ 13 ಚಾನೆಲ್‌ಗಳು ಬಳಕೆಯಲ್ಲಿವೆ. ದೇಶ ಯಾವುದೆಂದು ತಿಳಿಯದಿದ್ದಾಗ ಲಿನಕ್ಸ್ ‘00’ ಎಂಬ ಎಲ್ಲೆಡೆ ಸಲ್ಲುವ ಬಿಗಿ ನಿಯಮವನ್ನು ಪಾಲಿಸುತ್ತದೆ. ಹಾಗಾಗಿ ರೌಟರ್ 12 ಅಥವಾ 13ನೆಯ ಚಾನೆಲಿನಲ್ಲಿದ್ದರೆ ಲ್ಯಾಪ್‌ಟಾಪಿಗೆ ಅದು ಸಿಗದೆ ಹೋಗಬಹುದು. ದೇಶದ ಸಂಕೇತವನ್ನು ಸರಿಯಾಗಿ ನಮೂದಿಸುವುದು ಅಥವಾ ರೌಟರಿನ ಚಾನೆಲ್ ಬದಲಿಸುವುದು ಇದಕ್ಕೆ ಪರಿಹಾರ. ಗುಂಡಿ ಒತ್ತಿ ವೈಫೈ ರೇಡಿಯೊ ಆಫ್ ಮಾಡಿದ್ದರೆ ಅದನ್ನು ಆರ್‌ಎಫ್‌ಕಿಲ್ (rfkill) ಆಜ್ಞೆ ಕೂಡಲೇ ತಿಳಿಸುತ್ತದೆ. ಇದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು.

ಇಂದು ನಿಜಕ್ಕೂ ಡ್ರೈವರ್ ಕೊರತೆ ಉಳಿದಿರುವುದು ಮುಖ್ಯವಾಗಿ ಯುಎಸ್‌ಬಿ ಡಾಂಗಲ್‌ಗಳಲ್ಲಿ. ರಿಯಲ್‌ಟೆಕ್ ಚಿಪ್‌ಗಳಿಗೆ ತಯಾರಕರ ಡ್ರೈವರ್ ಕರ್ನಲ್‌ನ ಹೊರಗೇ ಉಳಿದದ್ದರಿಂದ, ಅದನ್ನು ಬಳಕೆದಾರರೇ ತಮ್ಮ ಯಂತ್ರದಲ್ಲಿ ಮೂಲ ಸಂಕೇತದಿಂದ ಕಟ್ಟಿಕೊಳ್ಳುವ ರೂಢಿ ಬೆಳೆಯಿತು. ಕರ್ನಲ್ ಹೊಸದಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು; ಡೆಲ್ ರೂಪಿಸಿದ ಡಿಕೆಎಂಎಸ್ ಎಂಬ ಸಲಕರಣೆ ಆ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಆದರೆ ಕರ್ನಲ್‌ನ ಒಳರಚನೆ ಬದಲಾಗಿದ್ದರೆ ಕಟ್ಟುವಿಕೆಯೇ ವಿಫಲವಾಗಿ, ನಿನ್ನೆಯವರೆಗೆ ಇದ್ದ ವೈಫೈ ಅಪ್‌ಡೇಟ್ ಆದ ಮರುದಿನ ಮಾಯವಾಗುತ್ತದೆ. ಸಹಿಯಿರುವ ತಂತ್ರಾಂಶಕ್ಕಷ್ಟೇ ಅವಕಾಶ ಕೊಡುವ ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಇನ್ನೊಂದು ತಡೆಯಿದೆ: ಸಹಿಯಿಲ್ಲದ ಮಾಡ್ಯೂಲನ್ನು (ಕರ್ನಲ್‌ಗೆ ಸೇರಿಸುವ ಡ್ರೈವರ್ ತುಣುಕು) ಕರ್ನಲ್ ಒಳಗೆ ಬಿಡುವುದಿಲ್ಲ. ಸಹಿಗೆ ಬಳಸಿದ ಕೀಲಿಯನ್ನು ನೋಂದಾಯಿಸಿ ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡು ಕಾಯುತ್ತದೆ. ಆ ಹತ್ತು ಸೆಕೆಂಡಿನೊಳಗೆ ಯಾವುದಾದರೂ ಗುಂಡಿ ಒತ್ತಿ ನೋಂದಣಿಯನ್ನು ಒಪ್ಪಿಕೊಳ್ಳದಿದ್ದರೆ ಯಂತ್ರ ಎಂದಿನಂತೆ ಮುಂದುವರಿಯುತ್ತದೆ, ಕೀಲಿ ಸೇರಿರುವುದಿಲ್ಲ, ವೈಫೈ ಬಂದಿರುವುದಿಲ್ಲ.

ಎಲ್‌ಎಸ್‌ಪಿಸಿಐ (lspci) ಆಜ್ಞೆಯನ್ನು ‘-ಎನ್‌ಎನ್‌ಕೆ’ (-nnk) ಎಂಬ ಆಯ್ಕೆಯೊಡನೆ ಕೊಟ್ಟರೆ ಒಳಗಿನ ಪ್ರತಿ ಚಿಪ್ಪಿನ ಗುರುತುಸಂಖ್ಯೆ ಕಾಣುತ್ತದೆ. ಅದರ ಮೊದಲ ಭಾಗ ತಯಾರಕರದು, ಇಂಟೆಲ್‌ಗೆ ಅದು 8086. ಕೆಳಗಿನ ಸಾಲುಗಳಲ್ಲಿ ಚಿಪ್ಪನ್ನು ಈಗ ಹಿಡಿದಿರುವ ಡ್ರೈವರ್ ಯಾವುದು, ಹಿಡಿಯಬಲ್ಲ ಮಾಡ್ಯೂಲ್‌ಗಳು ಯಾವುವು ಎಂಬುದು ಬೇರೆ ಬೇರೆಯಾಗಿ ಇರುತ್ತದೆ. ಮಾಡ್ಯೂಲ್ ಇದ್ದು ಬಳಕೆಯಲ್ಲಿರುವ ಡ್ರೈವರ್ ಇಲ್ಲದಿದ್ದರೆ ಕರ್ನಲ್ ಲಾಗಿಗೆ ಹೋಗಬೇಕು. ಎರಡೂ ಇಲ್ಲದಿದ್ದರೆ ಹೊಸ ಕರ್ನಲ್ ಬೇಕೇ ಎಂದು ನೋಡಬೇಕು. ಯುಎಸ್‌ಬಿ ಡಾಂಗಲ್‌ಗಳಿಗೆ ಇದೇ ಕೆಲಸಕ್ಕೆ ಎಲ್‌ಎಸ್‌ಯುಎಸ್‌ಬಿ (lsusb) ಆಜ್ಞೆ ಇದೆ. ಕೆಲವು ಡಾಂಗಲ್‌ಗಳು ವಿಂಡೋಸ್ ಡ್ರೈವರ್ ತುಂಬಿದ ಸಿಡಿ ಡ್ರೈವಿನಂತೆ ತೋರಿಸಿಕೊಳ್ಳುವುದರಿಂದ, ಅವನ್ನು ಮೊದಲು ಯುಎಸ್‌ಬಿ ಮೋಡ್‌ಸ್ವಿಚ್ ಸಲಕರಣೆಯಿಂದ ವೈಫೈ ರೂಪಕ್ಕೆ ತರಬೇಕಾಗುತ್ತದೆ.

ಹೊರಗಿನಿಂದ ತಂದ ಡ್ರೈವರನ್ನು ವರ್ಷಗಳಿಂದ ಹೊತ್ತುಕೊಂಡು ಬಂದವರು ಒಂದು ಸಂಗತಿಯನ್ನು ಗಮನಿಸಬೇಕು. 2019ರ 5.2ನೆಯ ಕರ್ನಲ್‌ನಲ್ಲಿ ಬಂದ ಆರ್‌ಟಿಡಬ್ಲ್ಯು88 ಎಂಬ ರಿಯಲ್‌ಟೆಕ್ ಡ್ರೈವರಿಗೆ 2023ರ 6.2ರಲ್ಲಿ ಯುಎಸ್‌ಬಿ ಚಿಪ್‌ಗಳ ಬೆಂಬಲವೂ ಸೇರಿದೆ, ಆಮೇಲಿನ ಆವೃತ್ತಿಗಳಲ್ಲಿ ಆ ಪಟ್ಟಿ ಬೆಳೆಯುತ್ತಿದೆ. ತಮ್ಮ ಡಾಂಗಲ್ ಆ ಪಟ್ಟಿಯಲ್ಲಿದ್ದರೆ ಡಿಕೆಎಂಎಸ್‌ನಲ್ಲಿರುವ ಹಳೆಯ ಪ್ರತಿಯನ್ನೂ, ಅದಕ್ಕಾಗಿ ಬರೆದಿಟ್ಟಿದ್ದ ತಡೆಪಟ್ಟಿಯ ಕಡತವನ್ನೂ ತೆಗೆದುಹಾಕಿ ಯಂತ್ರವನ್ನು ಮರಳಿ ಚಾಲೂ ಮಾಡಬೇಕು. ಇಲ್ಲದಿದ್ದರೆ ಆ ಹಳೆಯ ಕಡತವೇ ಕರ್ನಲ್‌ನ ಸ್ವಂತ ಡ್ರೈವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿರುತ್ತದೆ.