ಹಾಯಿದೋಣಿ: ಬಿಚ್ಚುವಾಗಲೇ ಅರ್ಧ ಕಟ್ಟಿರಬೇಕು

ಒಬ್ಬರು ತಮ್ಮ ಪುಟ್ಟ ಹಾಯಿದೋಣಿಯನ್ನು ನನ್ನ ಹತ್ತಿರ ತಂದರು. "ಇದನ್ನ ಕಟ್ಟೋಕೆ ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಗಾಳಿಯೂ ಹೋಗುತ್ತೆ, ನನ್ನ ಉಮೇದೂ ಹೋಗುತ್ತೆ. ಹಗುರವಾದ ಕಂಬ ಹಾಕಿಕೊಡಿ" ಅಂದರು. ನನ್ನೆದುರೇ ಒಮ್ಮೆ ಕಟ್ಟಿ ಅಂದೆ, ಗಡಿಯಾರ ನೋಡುತ್ತಾ ಕೂತೆ. ಕಂಬ ಎತ್ತಿ ನಿಲ್ಲಿಸಲು ಹಿಡಿದದ್ದು ನಾಲ್ಕೇ ನಿಮಿಷ. ಉಳಿದ ಹೊತ್ತೆಲ್ಲ ಬಿದ್ದ ಪಿನ್ ಹುಡುಕುವುದಕ್ಕೆ, ಹಗ್ಗದ ಸಿಕ್ಕು ಬಿಡಿಸುವುದಕ್ಕೆ, ಇದು ಯಾವುದರ ಹಗ್ಗ ಅಂತ ತಲೆ ಕೆರೆದುಕೊಳ್ಳುವುದಕ್ಕೆ ಹೋಯಿತು.

ಕಂಬ ಬದಲಿಸಲಿಲ್ಲ. ಹಿಂದಿನ ಸಲ ದೋಣಿ ಬಿಚ್ಚಿದ ರೀತಿಯಲ್ಲೇ ತೊಂದರೆ ಇತ್ತು.

ಬಿಚ್ಚುವಾಗ ಮೈ ಒದ್ದೆ, ಹೊಟ್ಟೆ ಹಸಿದಿರುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಳಚಿ ಒಂದೇ ಚೀಲಕ್ಕೆ ತುರುಕುತ್ತೇವೆ. ಅದರ ಬದಲು, ಕಳಚಲೇಬೇಕಾದ್ದು ಯಾವುದು ಅಂತ ಕೇಳಿಕೊಳ್ಳಿ. ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡಕೋಲು ಇದೆಯಲ್ಲ, ಬೂಮ್, ಅದರ ಒಳಗಿನ ಹಗ್ಗ, ಪುಲ್ಲಿ ಯಾವುದನ್ನೂ ತೆಗೆಯುವ ಅಗತ್ಯವಿಲ್ಲ. ಹಾಯಿಯನ್ನು ಎಳೆದು ಬಿಡುವ ಉದ್ದನೆಯ ಹಗ್ಗವನ್ನೂ ಪುಲ್ಲಿಗಳಿಂದ ಬಿಚ್ಚಬೇಡಿ. ದೋಣಿಗೆ ಸಿಕ್ಕಿಸುವ ಪುಲ್ಲಿಗೆ ಒಂದು ಕೊಕ್ಕೆ ಹಾಕಿದರೆ ಇಡೀ ಕಟ್ಟು ಹಾಗೇ ಬೂಮಿನ ಜೊತೆ ಹೊರಬರುತ್ತದೆ. ಹಾಯಿ ಸೆಟೆದು ನಿಲ್ಲಲೆಂದು ಅದರೊಳಗೆ ತೂರಿಸಿರುವ ಪಟ್ಟಿಗಳನ್ನೂ ಒಳಗೇ ಬಿಡಬಹುದು. ಪಟ್ಟಿಗಳು ಬಾಗದಂತೆ, ಸುರುಳಿ ಅವುಗಳಿಗೆ ಸಮಾನಾಂತರವಾಗಿ ಇರುವ ಹಾಗೆ ಹಾಯಿ ಸುತ್ತಿದರೆ ಸಾಕು.

ಕಂಬವನ್ನು ಎಡಬಲದಿಂದ ಹಿಡಿದಿಡುವ ಪಕ್ಕದ ತಂತಿಗಳನ್ನು ಕಂಬದ ಮೇಲ್ತುದಿಯಿಂದ ತೆಗೆಯಲೇಬೇಡಿ. ಕಂಬದ ಉದ್ದಕ್ಕೆ ಎಳೆದು ನಾಲ್ಕು ಕಡೆ ವೆಲ್ಕ್ರೋ ಪಟ್ಟಿ ಸುತ್ತಿ. ಇಷ್ಟಕ್ಕೇ ಸಿಕ್ಕು ಬಿಡಿಸುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಎಡದ ತಂತಿಗೆ ಕೆಂಪು ಟೇಪ್, ಬಲದ್ದಕ್ಕೆ ಹಸಿರು. ಸಮುದ್ರದಲ್ಲಿ ಎಡಬಲದ ದೀಪಗಳ ಬಣ್ಣವೂ ಇದೇ, ಹಾಗಾಗಿ ಮರೆಯುವುದಿಲ್ಲ. ತಂತಿಯ ತುದಿಯ ಪಟ್ಟಿಯಲ್ಲಿ ಎಷ್ಟನೇ ತೂತಿಗೆ ಪಿನ್ ಹಾಕುತ್ತೀರೋ ಅದಕ್ಕೊಂದು ಗುರುತು ಮಾಡಿ.

ಇನ್ನು ಆ ಹಾಳು ಉಂಗುರಗಳು. ಪಿನ್ನಿನ ತುದಿಗೆ ಸುರುಳಿಯಂಥ ಸಣ್ಣ ಉಂಗುರ ಇರುತ್ತಲ್ಲ, ತಣ್ಣಗಾದ ಬೆರಳಲ್ಲಿ ಅದನ್ನು ತೂರಿಸುವುದೇ ಒಂದು ಶಿಕ್ಷೆ. ಹಾಯಿಯ ಮೂಲೆ, ಪುಲ್ಲಿಯಂಥ ಕಡೆ ತಿರುಪಿನ ಶ್ಯಾಕಲ್ (ಎರಡನ್ನು ಜೋಡಿಸುವ ಲೋಹದ ಕೊಂಡಿ) ತೆಗೆದು, ಡೈನೀಮಾ ಎಂಬ ಬಲು ಗಟ್ಟಿ ನೂಲಿನ ಹಗ್ಗದ ಶ್ಯಾಕಲ್ ಹಾಕಿ. ಬಿದ್ದು ಕಳೆದುಹೋಗುವ ತುಣುಕೇ ಅದರಲ್ಲಿಲ್ಲ. ಗುಂಡಿ ಒತ್ತಿದರೆ ಹೊರಬರುವ ಪಿನ್ನುಗಳೂ ಸಿಗುತ್ತವೆ, ಅವನ್ನು ಬೂಮಿಗೆ ಧಾರಾಳವಾಗಿ ಬಳಸಿ. ಕಂಬವನ್ನು ಹಿಡಿದಿಡುವ ಪಕ್ಕದ ತಂತಿಗಳಿಗೆ ಮಾತ್ರ ನಾನು ಹಾಕಿಕೊಡುವುದಿಲ್ಲ. ಹಗ್ಗ ಸಿಕ್ಕಿಕೊಂಡು ಒಂದು ಪಿನ್ ಕಿತ್ತರೆ ಕಂಬ ತಲೆ ಮೇಲೇ ಬರುತ್ತದೆ. ಅಲ್ಲಿ ಹಳೇ ಪಿನ್, ಹಳೇ ಉಂಗುರ, ಮೇಲೊಂದು ಸುತ್ತು ಟೇಪ್. ಎರಡು ನಿಮಿಷ ಜಾಸ್ತಿ ಹೋದರೆ ಹೋಗಲಿ.

ಒಬ್ಬರೇ ಕಂಬ ಎತ್ತುವವರಿಗೆ ಮೂರನೇ ಕೈ ಬೇಕು, ಅಲ್ವಾ? ಕಂಬವನ್ನು ಮೂತಿಯ ಕಡೆಯಿಂದ ಹಿಡಿಯುವ ಮುಂದಿನ ತಂತಿಯ ತುದಿಗೆ ಉದ್ದನೆಯ ಹಗ್ಗ ಕಟ್ಟಿ, ದೋಣಿಯ ಮೂತಿಯ ಬಳೆಯೊಳಗೆ ತೂರಿಸಿ, ಕಂಬದ ಬುಡಕ್ಕೆ ವಾಪಸ್ ತನ್ನಿ. ಪಕ್ಕದ ತಂತಿಗಳನ್ನು ಮೊದಲೇ ಸಿಕ್ಕಿಸಿರಿ. ಒಂದು ಕೈಯಲ್ಲಿ ಕಂಬ ನೂಕುತ್ತಾ ಇನ್ನೊಂದರಲ್ಲಿ ಆ ಹಗ್ಗ ಎಳೆಯಿರಿ. ನೆಟ್ಟಗಾದ ಮೇಲೆ ಹಗ್ಗ ಬಿಗಿದು, ನಿಧಾನಕ್ಕೆ ಹೋಗಿ ಮುಂದಿನ ತಂತಿ ಸಿಕ್ಕಿಸಿ. ದೋಣಿ ಸಮತಟ್ಟಾಗಿ ನಿಂತಿರಲಿ, ಬುಡ ಜಾರದಂತೆ ಒಂದು ಕಟ್ಟು ಇರಲಿ. ಎತ್ತುವ ಮುನ್ನ ಮೇಲೆ ನೋಡಿ. ಲೋಹದ ಕಂಬ ಕರೆಂಟ್ ತಂತಿಗೆ ತಾಗಿದರೆ ಮುಗಿಯಿತು.

ಇಷ್ಟೂ ರಗಳೆ ಬೇಡ ಅನ್ನುವವರು ದೋಣಿಯನ್ನೇ ಹಾಗೆ ಆರಿಸಿಕೊಳ್ಳಬಹುದು. ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ ಲೇಸರ್ ದೋಣಿಗೆ ತಂತಿಗಳೇ ಇಲ್ಲ. ಎರಡು ತುಂಡಿನ ಕಂಬಕ್ಕೆ ಹಾಯಿಯನ್ನು ದಿಂಬಿನ ಗವಸಿನಂತೆ ತೊಡಿಸಿ ಗೂಡಿಗೆ ಇಳಿಸಿದರಾಯಿತು. 1960ರ ದಶಕದ ಮಿರರ್ ದೋಣಿಯದ್ದು ಇನ್ನೊಂದು ಜಾಣತನ. ಕಂಬ ಗಿಡ್ಡ, ಹಾಯಿಯ ಮೇಲ್ಭಾಗಕ್ಕೆ ಬೇರೆಯೇ ಕೋಲು. ಎಲ್ಲವೂ 3.3 ಮೀಟರ್ ದೋಣಿಯೊಳಗೇ ಹಿಡಿಸುತ್ತದೆ.

ಚುಕ್ಕಾಣಿಯ ಕೊಕ್ಕೆ, ನೀರು ಬಸಿಯುವ ತೂತಿನ ಬಿರಡೆ ಇವೆರಡಕ್ಕೂ ದಾರ ಕಟ್ಟಿ ದೋಣಿಯಲ್ಲೇ ಬಿಡಿ. ಬಿರಡೆ ಹಾಕದೆ ಹೊರಟು, ದೋಣಿ ಯಾಕೋ ಭಾರವಾಯಿತಲ್ಲ ಅಂದುಕೊಂಡವನು ನಾನೇ. ಹಾಯಿ ಏರಿಸುವುದು ಕೊನೆಗೆ, ಮೂತಿ ಗಾಳಿಗೆ ತಿರುಗಿಸಿ, ಹಗ್ಗ ಸಡಿಲ ಬಿಟ್ಟು.

ಅವರು ಮತ್ತೆ ಬಂದಾಗ ಇಪ್ಪತ್ತು ನಿಮಿಷಕ್ಕೆ ಇಳಿದಿದ್ದರು. ಅದರಲ್ಲಿ ಎಂಟು ನಿಮಿಷ ದೋಣಿಯ ಹೊದಿಕೆಗೆ ಅವರೇ ಹಾಕಿದ್ದ ಗಂಟು ಬಿಡಿಸಲು ಹೋಗಿತ್ತು.