ಸಕ್ಕರೆಯೇ ಇಲ್ಲದ ಡಯಾಬಿಟಿಸ್‌ಗೆ ಹೊಸ ಹೆಸರು

ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಚೊಂಬುಗಟ್ಟಲೆ ನೀರು ಕುಡಿಯುವವರನ್ನು ಯಾರೂ ರೋಗಿ ಅನ್ನುವುದಿಲ್ಲ. ರಾತ್ರಿಯೂ ಮತ್ತೆ ಮತ್ತೆ ಎದ್ದು ನೀರು ಕುಡಿದು, ಅಷ್ಟೇ ಸಲ ಮೂತ್ರಕ್ಕೆ ಹೋಗತೊಡಗಿದರೆ ಮಾತ್ರ ಮನೆಯವರು ಕೇಳುತ್ತಾರೆ: ‘ಶುಗರ್ ಐತೇನೋ, ಚೆಕ್ ಮಾಡ್ಸಿದ್ಯಾ?’ ಬಹುತೇಕ ಸಲ ಅದು ಸರಿಯಾದ ಪ್ರಶ್ನೆಯೇ. ಆದರೆ ಸುಮಾರು 25,000 ಜನರಲ್ಲಿ ಒಬ್ಬರಿಗೆ ಸಕ್ಕರೆಗೆ ಸಂಬಂಧವೇ ಇಲ್ಲದ ಕಾಯಿಲೆಯಿಂದ ಈ ದಾಹ ಬಂದಿರುತ್ತದೆ. ಅದೇ ಡಯಾಬಿಟಿಸ್ ಇನ್ಸಿಪಿಡಸ್.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೆ ಮರಳಿಸುತ್ತವೆ. ಕೊನೆಯ ಪಾಲು ಮರಳಬೇಕಾದರೆ ವ್ಯಾಸೊಪ್ರೆಸಿನ್ ಬೇಕು. ಮೆದುಳಿನ ಹೈಪೊಥಲಮಸ್ ಭಾಗದಲ್ಲಿ ತಯಾರಾಗಿ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕಿಳಿಯುವ ಈ ಹಾರ್ಮೋನು, ಭದ್ರಾ ನಾಲೆಯ ತೂಬು ಎತ್ತಿದಂತೆ, ಮೂತ್ರಪಿಂಡದ ನಾಳಗಳಲ್ಲಿ ನೀರಿಗೆ ದಾರಿ ಬಿಡುತ್ತದೆ. ತಲೆಗೆ ಪೆಟ್ಟು, ಗಡ್ಡೆ, ಪಿಟ್ಯುಟರಿ ಶಸ್ತ್ರಚಿಕಿತ್ಸೆ ಇವುಗಳಿಂದ ಹಾರ್ಮೋನು ಕಡಿಮೆಯಾಗಬಹುದು. ಹಾರ್ಮೋನು ಸಾಕಷ್ಟಿದ್ದೂ ಮೂತ್ರಪಿಂಡ ಅದರ ಮಾತು ಕೇಳದಿರಬಹುದು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಹೀಗಾಗುತ್ತದೆ.

ಸಕ್ಕರೆ ಕಾಯಿಲೆಗೂ ಇದಕ್ಕೂ ‘ಡಯಾಬಿಟಿಸ್’ ಎಂಬ ಒಂದೇ ಹೆಸರು ಅಂಟಿಕೊಂಡದ್ದು ವಿಪರೀತ ಮೂತ್ರದ ಕಾರಣಕ್ಕೆ. ಒಂದರ ಮೂತ್ರ ಸಿಹಿ, ಇನ್ನೊಂದರದು ಸಪ್ಪೆ. ಹಿಂದಿನ ವೈದ್ಯರು ರುಚಿ ನೋಡಿಯೇ ಬೇರ್ಪಡಿಸಿದ್ದರು! ಅವರ ಕಾಲಕ್ಕೆ ಒಂದೇ ಹೆಸರು ಸರಿ, ಈಗ ಅದು ಜೀವಕ್ಕೆ ಅಪಾಯ. ಆಸ್ಪತ್ರೆಯಲ್ಲಿ ‘ಡಯಾಬಿಟಿಸ್’ ಎಂದು ಓದಿದವರು ಗ್ಲುಕೋಸ್ ನೋಡುತ್ತಾರೆ, ಅದು ಸರಿಯಿದ್ದರೆ ನಿರಾಳರಾಗುತ್ತಾರೆ. ಹಾರ್ಮೋನು ಸಾಲದ ರೋಗಿಗೆ ಬೇಕಾದ್ದು ಡೆಸ್ಮೊಪ್ರೆಸಿನ್ (ವ್ಯಾಸೊಪ್ರೆಸಿನ್‌ನ ಕೆಲಸ ಮಾಡುವ ಔಷಧ) ಮತ್ತು ನೀರು. ಅವೆರಡೂ ತಪ್ಪಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಪ್ರಜ್ಞೆ ಮಂಕಾಗುತ್ತದೆ. 2009ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆಯಿದ್ದ 22 ವರ್ಷದ ಯುವಕನೊಬ್ಬ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ನಿರ್ಜಲೀಕರಣದಿಂದ ಸತ್ತ. ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ಶೇ. 80 ಮಂದಿ, ಆರೋಗ್ಯ ಸಿಬ್ಬಂದಿ ತಮ್ಮದನ್ನು ಸಕ್ಕರೆ ಕಾಯಿಲೆಯೆಂದು ತಪ್ಪು ತಿಳಿದದ್ದುಂಟು ಎಂದರು.

ಆದ್ದರಿಂದ 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಹೊಸ ಹೆಸರು ಸೂಚಿಸಿತು: ಹಾರ್ಮೋನು ಸಾಲದಿದ್ದರೆ ‘ಆರ್ಜಿನೈನ್ ವ್ಯಾಸೊಪ್ರೆಸಿನ್ ಕೊರತೆ’, ಮೂತ್ರಪಿಂಡ ಸ್ಪಂದಿಸದಿದ್ದರೆ ‘ಆರ್ಜಿನೈನ್ ವ್ಯಾಸೊಪ್ರೆಸಿನ್ ಪ್ರತಿರೋಧ’. ಬಾಯಿಗೆ ಸುಲಭವಲ್ಲ, ನಿಜ. ಆದರೂ ನನಗೆ ಇದೇ ಒಪ್ಪಿಗೆ. ಜಗಳೂರಿನಿಂದಲೋ ಚಳ್ಳಕೆರೆಯಿಂದಲೋ ನಡುರಾತ್ರಿ ಬಂದ ರೋಗಿಯ ಚೀಟಿ ಓದುವುದು ಅವರ ಹಾರ್ಮೋನ್ ತಜ್ಞರಲ್ಲ, ಆ ಹೊತ್ತಿನ ಡ್ಯೂಟಿ ಡಾಕ್ಟರು, ನರ್ಸು. ಏನು ಕೊಡಬೇಕೆಂಬುದು ಹೆಸರಿನಲ್ಲೇ ಅವರಿಗೆ ಸಿಗಬೇಕು. ಹಳೆಯ ಹೆಸರನ್ನೂ ಕೆಲಕಾಲ ಜೊತೆಗೇ ಬರೆಯಿರಿ ಎಂದು ತಜ್ಞರೇ ಹೇಳಿದ್ದಾರೆ.